ಗಿಡದ ಜೊತೆಗೆ ಕತೆಯನ್ನೂ ತನ್ನಿ: ರಾಯಚೂರಿನ ಬಡಾವಣೆಯೊಂದರಲ್ಲಿ ತೋಟ ಕಟ್ಟಿದ ಅನುಭವ

ರಾಯಚೂರಿನಲ್ಲಿ ಸಮುದಾಯ ತೋಟ ಮಾಡುತ್ತೇವೆ ಎಂದರೆ ಕೇಳಿದವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ನೀರಿನದು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಇರುವ ಜಿಲ್ಲೆಯಾದರೂ ನಗರದ ಬಡಾವಣೆಯ ಖಾಲಿ ಜಾಗಕ್ಕೆ ಆ ನದಿಗಳೆರಡೂ ದೂರವೇ. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ, ಕೊಳವೆಬಾವಿಯ ನೀರು ಅನೇಕ ಕಡೆ ಸವಳು. ಆ ಪ್ರಶ್ನೆಗೆ ನಾವು ಕಂಡುಕೊಂಡ ಉತ್ತರಗಳನ್ನು ಮುಂದೆ ಬರೆಯುತ್ತೇನೆ. ಆದರೆ ಅದಕ್ಕಿಂತ ಬಿಗಿಯಾದ ಗಂಟು ಇನ್ನೊಂದಿದೆ: ಮೊದಲ ಹುಮ್ಮಸ್ಸು ಇಳಿದ ಮೇಲೂ ಜನ ತೋಟಕ್ಕೆ ಬರುತ್ತಿರಬೇಕಾದರೆ ಅಲ್ಲಿ ತಮ್ಮದೆಂದು ಹೇಳಿಕೊಳ್ಳಲು ಅವರಿಗೆ ಏನಿರಬೇಕು? ನಮ್ಮಲ್ಲಿ ಆ ಗಂಟನ್ನು ಬಿಡಿಸಿದ್ದು ಒಂದು ಸಣ್ಣ ಕಟ್ಟುಪಾಡು. ಗಿಡವನ್ನೋ ಬೀಜವನ್ನೋ ತರುವವರು ಅದರ ಕತೆಯನ್ನೂ ತಂದು ತೋಟದ ಪುಸ್ತಕದಲ್ಲಿ ಬರೆಸಬೇಕು.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ನಮ್ಮ ಬಡಾವಣೆಯ ನಕ್ಷೆಯಲ್ಲಿ ಉದ್ಯಾನವೆಂದು ಗುರುತಿಸಿದ ಮೂಲೆಯೊಂದು ಬಹುಕಾಲ ಕಸ ಸುರಿಯುವ ಜಾಗವಾಗಿತ್ತು. ಇಂಥ ಜಾಗಗಳನ್ನು ಬೇರೆ ಉಪಯೋಗಕ್ಕೆ ತಿರುಗಿಸದಂತೆ ತಡೆಯುವುದಕ್ಕೆ ಕರ್ನಾಟಕದಲ್ಲಿ 1985ರ ಕಾಯ್ದೆಯೇ ಇದೆ. ಆದ್ದರಿಂದ ನಾವು ಅನುಮತಿ ಕೇಳುವಾಗ ಮೂರು ಮಾತುಗಳನ್ನು ಬರವಣಿಗೆಯಲ್ಲಿ ಕೊಟ್ಟೆವು: ಗೋಡೆ ಕಟ್ಟುವುದಿಲ್ಲ, ಬೀಗ ಹಾಕುವುದಿಲ್ಲ, ಯಾರ ಹೆಸರಿನ ಫಲಕವನ್ನೂ ನೆಡುವುದಿಲ್ಲ. ಮೂರನೆಯದನ್ನು ಯಾರೂ ಕೇಳಿರಲಿಲ್ಲ. ಆದರೂ ಮುಂದಿನ ಎಷ್ಟೋ ಜಗಳಗಳನ್ನು ತಪ್ಪಿಸಿದ್ದು ಅದೇ ಎಂದು ನನ್ನ ಅಂದಾಜು.

ಜಾಗವನ್ನು ಹಸನು ಮಾಡುವಾಗ ಎದುರಾದದ್ದು ಬಳ್ಳಾರಿ ಜಾಲಿ ಮತ್ತು ಕಾಂಗ್ರೆಸ್ ಕಸ. ಜಾಲಿಯನ್ನು ನೆಲಮಟ್ಟಕ್ಕೆ ಕಡಿದು ಬಿಟ್ಟರೆ ಬುಡದಿಂದ ಇನ್ನಷ್ಟು ಕವಲೊಡೆದು ಏಳುತ್ತದೆ. ಮಣ್ಣಿನೊಳಗಿನ ಬುಡದ ಗಡ್ಡೆಯನ್ನೇ ಅಗೆದು ತೆಗೆಯಬೇಕು. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು ಕೀಳಬೇಕು, ಏಕೆಂದರೆ ಅದರ ಸ್ಪರ್ಶದಿಂದ ಚರ್ಮದ ತುರಿಕೆ, ಪರಾಗದಿಂದ ಉಬ್ಬಸ ಬರುವವರಿದ್ದಾರೆ. ಆರೋಗ್ಯಕ್ಕಾಗಿ ತೋಟ ಎಂದು ಹೊರಟವರು ಮೊದಲ ದಿನವೇ ಉಬ್ಬಸದವರನ್ನು ಈ ಕೆಲಸಕ್ಕೆ ಹಚ್ಚಬಾರದು.

ಮಣ್ಣು ಎರೆ. ಹಸಿಯಾದಾಗ ಉಬ್ಬಿ ಅಂಟುತ್ತದೆ, ಒಣಗಿದಾಗ ಕೈ ತೂರುವಷ್ಟು ಬಿರಿಯುತ್ತದೆ. ಹತ್ತಿಗೆ, ಬಿಳಿಜೋಳಕ್ಕೆ ಅದು ಬಂಗಾರದಂಥ ಮಣ್ಣು, ಸೊಪ್ಪಿನ ಮಡಿಗೆ ಅಷ್ಟು ಸಲೀಸಲ್ಲ. ಪರೀಕ್ಷೆ ಮಾಡಿಸಿದಾಗ ರಸಸಾರ 8 ದಾಟಿತ್ತು, ಅಂದರೆ ಕ್ಷಾರದ ಕಡೆಗಿತ್ತು. ಒಲೆಯ ಬೂದಿಯನ್ನು ಗೊಬ್ಬರವೆಂದು ತಂದು ಸುರಿಯಲು ಅನೇಕರು ಸಿದ್ಧರಿದ್ದರು. ಬೂದಿಯೂ ಕ್ಷಾರವೇ ಆದ್ದರಿಂದ ಬೇಡವೆಂದೆವು. ಬದಲಾಗಿ ಮಣ್ಣಿಗೆ ಸಗಣಿ ಗೊಬ್ಬರ, ಮನೆಗಳ ತರಕಾರಿ ಸಿಪ್ಪೆಯಿಂದ ಮಾಡಿದ ಕಾಂಪೋಸ್ಟ್ ಮತ್ತು ಸ್ವಲ್ಪ ಮರಳು ಬೆರೆಸಿ, ಶಹಾಬಾದ್ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ ಎತ್ತರದ ಮಡಿಗಳನ್ನು ಕಟ್ಟಿದೆವು. ಮೊಣಕಾಲು ನೋವಿನವರು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತೇ ಕಳೆ ತೆಗೆಯಬಲ್ಲ ಎತ್ತರ ಅದು. ಮಡಿಯ ಮೇಲೆ ಹೊದಿಸಲು ಭತ್ತದ ಹೊಟ್ಟು ನಮ್ಮಲ್ಲಿ ಧಾರಾಳ. ತುಂಗಭದ್ರೆಯ ಎಡದಂಡೆ ಕಾಲುವೆಯ ಭತ್ತ ಸಿಂಧನೂರು, ಮಾನ್ವಿಗಳಿಂದ ಹಿಡಿದು ಜಿಲ್ಲೆಯ ಅಕ್ಕಿ ಗಿರಣಿಗಳಿಗೆ ಬರುತ್ತದಲ್ಲ. ಹೊಟ್ಟಿನಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಅದು ಬೇಗ ಕೊಳೆಯದೆ ಬೇಸಗೆಯಿಡೀ ತೇವ ಕಾಯುತ್ತದೆ.

ನೀರಿನ ವಿಷಯದಲ್ಲಿ ನಾವು ಹಿಡಿದ ದಾರಿ ಎರಡು. ಒಂದು, ಸುತ್ತಲಿನ ಮನೆಗಳಲ್ಲಿ ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಸೋಪು ಸೇರಿಸದೆ ಎತ್ತಿಟ್ಟು, ದಿನಕ್ಕೊಂದು ಕೊಡದಂತೆ ತರುವುದು. ಎರಡು, ಕುಂಬಾರರಲ್ಲಿ ಕೊಂಡ ಹೊಳಪು ಹಚ್ಚದ ಗಡಿಗೆಗಳನ್ನು ಕತ್ತಿನವರೆಗೆ ಹುಗಿದು ಆ ನೀರನ್ನು ಅವುಗಳಲ್ಲಿ ತುಂಬುವುದು. ಸುತ್ತಲಿನ ಮಣ್ಣು ಒಣಗಿದಷ್ಟೂ ಗಡಿಗೆ ಹೆಚ್ಚು ಜಿನುಗುತ್ತದೆ, ತೇವವಿದ್ದಾಗ ತಾನೇ ನಿಧಾನಿಸುತ್ತದೆ. ಸವಳು ನೀರು ತುಂಬಿದರೆ ಗಡಿಗೆಯ ಸೂಕ್ಷ್ಮ ರಂಧ್ರಗಳಲ್ಲಿ ಬಿಳಿ ಲವಣ ಕಟ್ಟಿಕೊಂಡು ಜಿನುಗು ನಿಲ್ಲುತ್ತದೆ. ಶುದ್ಧ ಕುಡಿಯುವ ನೀರಿನ ಘಟಕಗಳಿಂದ ಹೊರಬೀಳುವ ನೀರನ್ನು ತಂದುಕೊಳ್ಳೋಣ ಎಂಬ ಸಲಹೆಯೂ ಬಂದಿತ್ತು. ಅದರಲ್ಲಿ ಲವಣ ಇನ್ನೂ ಸಾಂದ್ರವಾಗಿರುವುದರಿಂದ ಗಿಡಗಳಿಗೆ ತಾಕಿಸಲಿಲ್ಲ. ಗಡಿಗೆಗಳ ಬಾಯಿಗೆ ಮುಚ್ಚಳ ಕಡ್ಡಾಯ, ಡ್ರಮ್ಮುಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜುವುದು ಕಡ್ಡಾಯ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ಏಳರಿಂದ ಹತ್ತು ದಿನ ಸಾಕು.

ಇನ್ನು ಪುಸ್ತಕದ ವಿಷಯ. ಅದು ಅಂಗಡಿಯಲ್ಲಿ ಸಿಗುವ ಉದ್ದನೆಯ ಲೆಕ್ಕದ ಪುಸ್ತಕವಷ್ಟೇ. ಪ್ರತಿ ಗಿಡಕ್ಕೂ ಒಂದು ಪುಟ. ಬೀಜ ಎಲ್ಲಿಂದ ಬಂತು, ನಿಮ್ಮ ಮನೆಯಲ್ಲಿ ಇದನ್ನು ಯಾರು ಬೆಳೆಯುತ್ತಿದ್ದರು, ಯಾವ ಮಳೆಗೆ ಬಿತ್ತುತ್ತಿದ್ದರು, ಏನು ಅಡಿಗೆ ಮಾಡುತ್ತಿದ್ದರು, ಈ ಗಿಡಕ್ಕೆ ಏನು ಮಾಡಬಾರದು ಎಂಬ ಐದು ಪ್ರಶ್ನೆಗಳು. ಬರೆಯಲು ಬಾರದವರು ಹೇಳುತ್ತಾರೆ, ಶಾಲೆಯ ಮಕ್ಕಳು ಬರೆದುಕೊಳ್ಳುತ್ತಾರೆ. ಐದನೆಯ ಪ್ರಶ್ನೆಗೆ ಬರುವ ಉತ್ತರಗಳೇ ಕೃಷಿಯ ದೃಷ್ಟಿಯಿಂದ ಹೆಚ್ಚು ಬೆಲೆಯವು, ಏಕೆಂದರೆ ಗಿಡವನ್ನು ಎಂದೋ ಕಳೆದುಕೊಂಡವರು ಮಾತ್ರ ಅವನ್ನು ಕೊಡಬಲ್ಲರು.

ಮೊದಲ ಪುಟ ತುಂಬಿದ್ದು ಪುಂಡಿ ಎಂಬ ಹುಳಿ ಸೊಪ್ಪಿನಿಂದ. ಲಿಂಗಸುಗೂರು ಕಡೆಯ ಹಳ್ಳಿಯಿಂದ ಮಗನ ಮನೆಗೆ ಬಂದು ನೆಲೆಸಿದ ಅಜ್ಜಿಯೊಬ್ಬರು ಸೆರಗಿನ ತುದಿಯಲ್ಲಿ ಗಂಟು ಕಟ್ಟಿಟ್ಟಿದ್ದ ಬೀಜ ಅದು. ಅವರು ಅದುವರೆಗೆ ಬಡಾವಣೆಯಲ್ಲಿ ಯಾರೊಡನೆಯೂ ಹೆಚ್ಚು ಮಾತಾಡಿದವರಲ್ಲ. ಮೃಗಶಿರಾ ಮಳೆ ಬಿದ್ದ ಮೇಲೆ ಬಿತ್ತಬೇಕು, ಗಿಡವನ್ನು ಬುಡ ಸಮೇತ ಕೀಳದೆ ತುದಿ ಚಿವುಟಬೇಕು, ಚಿವುಟಿದಷ್ಟೂ ಕವಲೊಡೆಯುತ್ತದೆ, ಪಲ್ಯಕ್ಕೆ ಕಡಲೆಬೇಳೆಯ ಜೊತೆಗೆ ಜೋಳದ ನುಚ್ಚನ್ನೂ ಹಾಕಬೇಕು ಎಂದು ಅವರು ಹೇಳುತ್ತಾ ಹೋದಂತೆ ಎರಡು ಪುಟ ಮುಗಿದವು. ಪುಂಡಿ ದಾಸವಾಳದ ಕುಲಕ್ಕೆ ಸೇರಿದ್ದು ಎಂದು ನಾನು ಸೇರಿಸಿದಾಗ, ಅದರ ಹೂವನ್ನು ನೋಡಿದವರಿಗೆ ಅದನ್ನು ಬೇರೆ ಹೇಳಬೇಕೇ ಎಂಬಂತೆ ನನ್ನ ಮುಖ ನೋಡಿದರು. ಆಮೇಲೆ ಪುಂಡಿಯ ಮಡಿಗೆ ನೀರು ಬಿಟ್ಟಿಲ್ಲವೆಂದು ಬೆಳಿಗ್ಗೆ ಆರಕ್ಕೆ ನಮ್ಮ ಮನೆಯ ಬಾಗಿಲು ತಟ್ಟುತ್ತಿದ್ದವರೂ ಅವರೇ.

ಹೀಗೆ ಬಂದ ಗಿಡಗಳಿಗೂ ನರ್ಸರಿಯಿಂದ ತಂದ ಗಿಡಗಳಿಗೂ ನಾನು ಕಂಡ ವ್ಯತ್ಯಾಸ ದೊಡ್ಡದು. ಕತೆಯ ಜೊತೆಗೆ ಬಂದವು ಬಹುಪಾಲು ಈ ನೆಲಕ್ಕೆ ಒಗ್ಗಿದವೇ ಆಗಿದ್ದವು: ಪುಂಡಿ, ರಾಜಗಿರಿ, ಜವಳಿಕಾಯಿ (ಗೋರಿಕಾಯಿ), ಹೀರೆ, ನುಗ್ಗೆ, ಮುಳ್ಳುಬದನೆ. ಜವಳಿಕಾಯಿ ಬರವನ್ನೂ ಸವಳನ್ನೂ ತಾಳುವ ಬೆಳೆ. ಸವಳು ನೀರಿನಲ್ಲಿ ಹುರುಳಿಕಾಯಿ, ಅಂದರೆ ಬೀನ್ಸ್, ಎಲೆಯ ಅಂಚು ಸುಟ್ಟುಕೊಂಡು ಮುರುಟುತ್ತದೆ. ಯಾವ ತರಕಾರಿ ಇಲ್ಲಿ ನಿಲ್ಲುತ್ತದೆ ಎಂಬ ಪಟ್ಟಿಯನ್ನು ನಾವು ಕುಳಿತು ಮಾಡಲಿಲ್ಲ, ಹಿರಿಯರ ನೆನಪೇ ಅದನ್ನು ಮಾಡಿಕೊಟ್ಟಿತು.

ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿ ಈಗ ಮನೆಯಲ್ಲಿರುವ ಹಿರಿಯರೊಬ್ಬರು ತಂದದ್ದು ಬನ್ನಿಯ ಸಸಿ. ದಸರೆಯಲ್ಲಿ ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಎಂದು ಎಲೆ ಹಂಚಿಕೊಳ್ಳುವ ನಮಗೆ ಬಡಾವಣೆಯಲ್ಲಿ ಒಂದೇ ಒಂದು ಬನ್ನಿ ಮರವಿಲ್ಲದಿರುವುದು ಅವರಿಗೆ ಸರಿಕಂಡಿರಲಿಲ್ಲ. ಹೊಲದ ಬದುವಿನ ಬನ್ನಿಯನ್ನು ಅವರ ತಂದೆ ಎಂದೂ ಕಡಿಯಗೊಡುತ್ತಿರಲಿಲ್ಲವಂತೆ. ಅದಕ್ಕೆ ಭಕ್ತಿಯ ಕಾರಣವಿದ್ದಂತೆ ನೆಲದ ಕಾರಣವೂ ಇದೆ: ಬನ್ನಿ ಬೇರನ್ನು ಬಹಳ ಆಳಕ್ಕೆ ಇಳಿಸುವ ಮರ, ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವ ದ್ವಿದಳ ಜಾತಿಯದು. ನಾವು ಕಷ್ಟಪಟ್ಟು ಕಿತ್ತ ಬಳ್ಳಾರಿ ಜಾಲಿ ಸಸ್ಯಶಾಸ್ತ್ರದಲ್ಲಿ ಇದರ ಹತ್ತಿರದ ನೆಂಟ ಎಂದಾಗ ಮಕ್ಕಳು ನಂಬಲಿಲ್ಲ. ಜಾಲಿ ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ಭಾರತಕ್ಕೆ ಬಂದದ್ದು ಎಂಬುದನ್ನೂ ಅದೇ ಪುಟದಲ್ಲಿ ಬರೆಸಿದೆವು. ಆ ಸಸಿ ಇನ್ನೂ ಮೊಣಕಾಲೆತ್ತರ ದಾಟಿಲ್ಲ. ಬನ್ನಿ ಬೆಳೆಯುವುದೇ ನಿಧಾನ, ಹಿರಿಯರಿಗೂ ಅವಸರವಿಲ್ಲ.

ಕತೆಯಿದ್ದ ಮಾತ್ರಕ್ಕೆ ಗಿಡಕ್ಕೆ ಜಾಗ ಸಿಗಲೇಬೇಕೆಂದಿಲ್ಲ. ಪೂಜೆಯ ಹೂವಿಗೆಂದು ಒಬ್ಬರು ಕಣಗಿಲೆಯನ್ನು ತಂದರು. ಅದರ ಎಲೆ, ಹೂ, ಕಾಯಿ ಎಲ್ಲವೂ ವಿಷ, ನಮ್ಮಲ್ಲಿ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿದ್ದಾರೆ. ಕತೆಯನ್ನು ಬರೆದುಕೊಂಡು ಗಿಡವನ್ನು ಹಿಂದಕ್ಕೆ ಕೊಟ್ಟೆವು. ಇನ್ನೊಬ್ಬರು ‘ಇನ್ಸುಲಿನ್ ಗಿಡ’ ತಂದು, ದಿನಕ್ಕೊಂದು ಎಲೆ ತಿಂದರೆ ಸಕ್ಕರೆ ಕಾಯಿಲೆಗೆ ಮಾತ್ರೆ ಬೇಡ ಎಂದರು. ಆ ಎಲೆಯಲ್ಲಿ ಇನ್ಸುಲಿನ್ ಇಲ್ಲ, ಹೆಸರಷ್ಟೇ ಹಾಗೆ. ಅಂದಿನಿಂದ ಪುಸ್ತಕದ ಮೊದಲ ಹಾಳೆಯಲ್ಲಿ ಕೆಂಪು ಶಾಯಿಯ ಸಾಲೊಂದಿದೆ: ಇಲ್ಲಿ ಬರೆದ ಔಷಧದ ಮಾತುಗಳು ಮನೆಯ ನೆನಪುಗಳು, ಇವನ್ನು ನಂಬಿ ಯಾರೂ ವೈದ್ಯರು ಕೊಟ್ಟ ಮಾತ್ರೆ ಬಿಡತಕ್ಕದ್ದಲ್ಲ. ಅದನ್ನು ಓದಿ ಮುನಿಸಿಕೊಂಡವರೂ ಇದ್ದಾರೆ. ಆದರೂ ಆ ಸಾಲನ್ನು ಅಳಿಸುವುದಿಲ್ಲ.

ತೋಟದಿಂದ ಆರೋಗ್ಯ ಸುಧಾರಿಸುತ್ತದೆಯೇ ಎಂದು ಕೇಳುವವರಿಗೆ ನಾನು ಎಚ್ಚರದಿಂದಲೇ ಉತ್ತರಿಸುತ್ತೇನೆ. ನೆದರ್ಲೆಂಡ್ಸ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ತೋಟದ ತುಂಡುಗಳನ್ನು ನೋಡಿಕೊಳ್ಳುವ 30 ಜನರಿಗೆ ಮೊದಲು ಒತ್ತಡದ ಕೆಲಸ ಕೊಟ್ಟು, ಅನಂತರ ಕೆಲವರಿಗೆ 30 ನಿಮಿಷ ತೋಟದ ಕೆಲಸವನ್ನೂ ಉಳಿದವರಿಗೆ ಅಷ್ಟೇ ಹೊತ್ತು ಒಳಗೆ ಕುಳಿತು ಓದುವುದನ್ನೂ ವಹಿಸಿದರು. ಒತ್ತಡದ ಹಾರ್ಮೋನ್ ಆದ ಕಾರ್ಟಿಸಾಲ್ ಎರಡೂ ಗುಂಪಿನಲ್ಲಿ ಇಳಿಯಿತು, ತೋಟದಲ್ಲಿದ್ದವರಲ್ಲಿ ಹೆಚ್ಚು ಇಳಿಯಿತು. ಆದರೆ ಅದು ಸಣ್ಣ ಪ್ರಯೋಗ, ಅಲ್ಲಿದ್ದವರು ಮೊದಲೇ ತೋಟವನ್ನು ಇಷ್ಟಪಟ್ಟವರು, ಮತ್ತು ಅಲ್ಲಿನ ಹವೆ ರಾಯಚೂರಿನದಲ್ಲ. ಮೇ ತಿಂಗಳ ನಡುಹಗಲಲ್ಲಿ ನಮ್ಮವರನ್ನು ಅರ್ಧ ಗಂಟೆ ಮಡಿಯ ಬಳಿ ನಿಲ್ಲಿಸಿದರೆ ಓದಿದವರೇ ಗೆಲ್ಲುತ್ತಾರೆ. ಅದಕ್ಕೇ ಬೇಸಗೆಯಲ್ಲಿ ನಮ್ಮ ಕೆಲಸ ಬೆಳಿಗ್ಗೆ ಎಂಟರೊಳಗೆ, ಇಲ್ಲವೇ ಸಂಜೆ ಐದರ ಮೇಲೆ. ಮಜ್ಜಿಗೆಯ ತಂಬಿಗೆ ತರದೆ ಯಾರೂ ಗುದ್ದಲಿ ಹಿಡಿಯುವಂತಿಲ್ಲ.

ನಾನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳುವುದಾದರೆ, ಬದಲಾವಣೆ ಹೆಚ್ಚಾಗಿ ಕಾಣಿಸಿದ್ದು ಹಳ್ಳಿ ಬಿಟ್ಟು ಮಕ್ಕಳ ಮನೆಗೆ ಬಂದ ಹಿರಿಯರಲ್ಲಿ. ನಗರದ ಮನೆಯಲ್ಲಿ ಅವರನ್ನು ಯಾರೂ ಏನನ್ನೂ ಕೇಳುವುದಿಲ್ಲ. ಮೊಬೈಲ್ ಗೊತ್ತಿಲ್ಲ, ಬ್ಯಾಂಕಿನ ಕೆಲಸ ಗೊತ್ತಿಲ್ಲ ಎಂಬ ‘ಗೊತ್ತಿಲ್ಲ’ಗಳಲ್ಲೇ ಅವರ ದಿನ ಕಳೆಯುತ್ತದೆ. ಇಲ್ಲಿ ಹೀರೆಯ ಬಳ್ಳಿಗೆ ಚಪ್ಪರ ಎಷ್ಟೆತ್ತರ ಬೇಕೆಂದು ಎಂಜಿನಿಯರೊಬ್ಬರು ಅವರನ್ನೇ ಕೇಳಬೇಕಾಗುತ್ತದೆ. ಹೀಗೆ ಬಂದು ಕೇಳುವ ಸಂದರ್ಭ ವಾರಕ್ಕೊಮ್ಮೆಯಾದರೂ ಒದಗುವಂತೆ ಪಾಳಿಯನ್ನು ಹೊಂದಿಸುವುದು ತೋಟ ನಡೆಸುವವರ ಕೆಲಸ. ನಾವು ಪ್ರತಿ ಪಾಳಿಗೆ ಒಬ್ಬ ಹಿರಿಯರು, ಒಬ್ಬ ನೌಕರಿಯವರು, ಇಬ್ಬರು ಮಕ್ಕಳು ಎಂದು ಜೋಡಿಸುತ್ತೇವೆ. ಬೆಳೆದದ್ದನ್ನು ಮಾರುವುದಿಲ್ಲ. ಆ ದಿನದ ಪಾಳಿಯವರು ಕೊಯ್ದು, ಕಡಿಮೆಯಿದ್ದರೆ ತಾವೇ ಹಂಚಿಕೊಂಡು, ಹೆಚ್ಚಾದರೆ ಅಂಗನವಾಡಿಗೆ ಕೊಡುತ್ತಾರೆ.

ಮಾರ್ಚ್‌ನಿಂದ ಮೇ ತನಕ ಅರ್ಧ ಮಡಿಗಳನ್ನು ಹೊಟ್ಟು ಹೊದಿಸಿ ಬಿಡುತ್ತೇವೆ, ಉಳಿದವಕ್ಕೆ ನೆರಳು ಬಲೆ ಕಟ್ಟಿ ರಾಜಗಿರಿ, ಪಾಲಕ್ ಮಾತ್ರ ಇಟ್ಟುಕೊಳ್ಳುತ್ತೇವೆ. ಆಗ ಪಾಳಿಗೆ ಬರುವವರೂ ಕಡಿಮೆ, ಅವರನ್ನು ಒತ್ತಾಯಿಸುವುದಿಲ್ಲ. ಆ ತಿಂಗಳುಗಳಲ್ಲೇ ಪುಸ್ತಕ ಹೆಚ್ಚು ತುಂಬುತ್ತದೆ. ಬೇವಿನ ನೆರಳಲ್ಲಿ ಕುಳಿತು ಬೀಜ ಆರಿಸುವಾಗ ಮಾತು ತಾನಾಗಿ ಬರುತ್ತದೆ. ಇತ್ತೀಚೆಗೆ ಇನ್ನೊಂದು ಬಡಾವಣೆಯವರು ಬಂದು ತಾವೂ ತೋಟ ಮಾಡುವುದಾಗಿ ಹೇಳಿ ಪುಸ್ತಕದ ಜೆರಾಕ್ಸ್ ಕೇಳಿದರು. ಪುಂಡಿ, ಜವಳಿಕಾಯಿ, ಹೀರೆಯ ಬೀಜಗಳನ್ನು, ಎರಡು ಗಡಿಗೆಗಳನ್ನು, ಐದು ಪ್ರಶ್ನೆಗಳ ಹಾಳೆಯನ್ನು ಕೊಟ್ಟೆವು. ಜೆರಾಕ್ಸ್ ಮಾತ್ರ ಕೊಡಲಿಲ್ಲ. ನಿಮ್ಮ ಓಣಿಯಲ್ಲಿ ಯಾರ ಹತ್ತಿರ ಬೀಜದ ಗಂಟಿದೆ ಎಂದು ಮೊದಲು ವಿಚಾರಿಸಿ, ಮೃಗಶಿರಾಕ್ಕೆ ಇನ್ನೂ ಸಮಯವಿದೆ ಎಂದು ಹೇಳಿ ಕಳಿಸಿದೆವು.