ಬಡಾವಣೆಯ ಉದ್ಯಾನ ಕೈತಪ್ಪದಂತೆ ವಾರ್ಡ್ ಸದಸ್ಯರು ಮಾಡಬೇಕಾದ ಕೆಲಸ

ನಗರಸಭೆಗೋ ಪುರಸಭೆಗೋ ಹೊಸದಾಗಿ ಆಯ್ಕೆಯಾದ ಸದಸ್ಯರ ಬಳಿ ಜನರು ಮೊದಲು ತರುವ ಅಹವಾಲುಗಳು ಚರಂಡಿ, ಬೀದಿದೀಪ, ಕುಡಿಯುವ ನೀರಿಗೆ ಸಂಬಂಧಿಸಿದವು. ಇವು ತುರ್ತಿನವೆಂಬುದು ನಿಜ. ಆದರೆ ಕೆಟ್ಟ ದೀಪವನ್ನು ಮುಂದಿನ ವಾರವಾದರೂ ಬದಲಾಯಿಸಬಹುದು. ಉದ್ಯಾನಕ್ಕೆಂದು ಬಿಟ್ಟ ಜಾಗದಲ್ಲಿ ಒಮ್ಮೆ ಮನೆ ಎದ್ದರೆ ಅದನ್ನು ಮರಳಿ ಪಡೆಯಲು ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆಯಬೇಕಾಗುತ್ತದೆ. ಆದ್ದರಿಂದ ಅಧಿಕಾರ ವಹಿಸಿಕೊಂಡ ಮೊದಲ ತಿಂಗಳುಗಳಲ್ಲೇ ವಾರ್ಡಿನ ಸಾರ್ವಜನಿಕ ಜಾಗಗಳ ಲೆಕ್ಕ ಹಿಡಿಯಬೇಕು.

ಯಾವ ತೀರ್ಮಾನ ಎಲ್ಲಿ ಆಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಸಂವಿಧಾನದ 74ನೇ ತಿದ್ದುಪಡಿ ಸೇರಿಸಿದ 12ನೇ ಅನುಸೂಚಿಯ 18 ವಿಷಯಗಳಲ್ಲಿ ನಗರ ಯೋಜನೆಯೇ ಮೊದಲನೆಯದಾದರೂ, ಕರ್ನಾಟಕದಲ್ಲಿ ಮಹಾಯೋಜನೆ (ಯಾವ ಜಾಗ ಯಾವ ಬಳಕೆಗೆ ಎಂದು ಗೊತ್ತುಮಾಡುವ ಮಾಸ್ಟರ್ ಪ್ಲಾನ್) ಸಿದ್ಧಪಡಿಸುವುದು, ಬಡಾವಣೆ ನಕ್ಷೆ ಮತ್ತು ಭೂಬಳಕೆ ಬದಲಾವಣೆಯ ಅರ್ಜಿಗಳನ್ನು ಪರಿಶೀಲಿಸುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಡಿ ಯೋಜನಾ ಪ್ರಾಧಿಕಾರದ ಕೆಲಸ. ಖಾತೆ, ಕಟ್ಟಡ ಪರವಾನಗಿ, ರಸ್ತೆ ಮತ್ತು ಉದ್ಯಾನಗಳ ನಿರ್ವಹಣೆ ಸ್ಥಳೀಯ ಸಂಸ್ಥೆಯದು. ಪ್ರಾಧಿಕಾರಕ್ಕೆ ಬರೆಯಬೇಕಾದ್ದನ್ನು ಪೌರಾಯುಕ್ತರ ಮೇಜಿನ ಮೇಲಿಟ್ಟು ತಿಂಗಳುಗಟ್ಟಲೆ ಕಾಯುವುದರಿಂದ ಜಾಗ ಕಬಳಿಸಲು ಹೊರಟವರಿಗೆ ಕಾಲಾವಕಾಶ ಸಿಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ಅನಂತರ ಪ್ರತಿ ಬಡಾವಣೆಯ ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿಯನ್ನೂ, ರಸ್ತೆ, ಉದ್ಯಾನ ಮತ್ತು ನಾಗರಿಕ ಸೌಲಭ್ಯದ ನಿವೇಶನಗಳನ್ನು ಸಂಸ್ಥೆಗೆ ಬಿಟ್ಟುಕೊಟ್ಟ ಪತ್ರವನ್ನೂ ಪಡೆಯಿರಿ. ಕೇಳಿದರೂ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಅರ್ಜಿ ಹಾಕಿ. 30 ದಿನಗಳೊಳಗೆ ಉತ್ತರ ಬರಬೇಕು. ನಕ್ಷೆ ಕೈಗೆ ಬಂದ ಮೇಲೆ ಕಿರಿಯ ಎಂಜಿನಿಯರನ್ನೂ ಅಲ್ಲಿಯ ಹಳೆಯ ನಿವಾಸಿಗಳನ್ನೂ ಕರೆದುಕೊಂಡು ಸ್ಥಳದಲ್ಲಿ ನಡೆಯಿರಿ, ಟೇಪು ಹಿಡಿದು ಅಳೆಯಿರಿ. ನಕ್ಷೆಯಲ್ಲಿ ಉದ್ಯಾನದ ಪೂರ್ವಕ್ಕೆ ರಸ್ತೆ ಇದ್ದು, ಸ್ಥಳದಲ್ಲಿ ಆ ರಸ್ತೆಗೂ ಉದ್ಯಾನಕ್ಕೂ ನಡುವೆ ತಗಡಿನ ಶೆಡ್ಡೊಂದು ನಿಂತಿದ್ದರೆ ಒತ್ತುವರಿ ಶುರುವಾಗಿರುವ ಸಾಧ್ಯತೆ ಹೆಚ್ಚು. ಮೂಲೆಗಲ್ಲು ಕಿತ್ತಿರುವುದು, ಬೇಲಿ ಪ್ರತಿ ಮಳೆಗಾಲದ ನಂತರ ಒಂದಿಷ್ಟು ಒಳಗೆ ಸರಿದಿರುವುದು, ಉದ್ಯಾನದ ಅಂಚಿಗೆ ಕಟ್ಟಡದ ಜಲ್ಲಿ ಸುರಿದಿರುವುದು, ಇವೆಲ್ಲವನ್ನೂ ದಿನಾಂಕ ಸಹಿತ ಫೋಟೊ ತೆಗೆದು, ಚಕ್ಕುಬಂದಿಯೊಡನೆ (ನಾಲ್ಕೂ ದಿಕ್ಕಿನ ಗಡಿಯ ವಿವರ) ಬರೆದಿಡಬೇಕು. ಎಷ್ಟು ಜಾಗ ಬಿಡಬೇಕಿತ್ತು ಎಂಬುದನ್ನು ಇಂದಿನ ನಿಯಮದಿಂದಲ್ಲ, ಆ ಬಡಾವಣೆಗೆ ಅನುಮೋದನೆ ಸಿಕ್ಕಾಗ ಜಾರಿಯಲ್ಲಿದ್ದ ನಿಯಮದಿಂದ ಲೆಕ್ಕ ಹಾಕಬೇಕು.

ಉದ್ಯಾನದ ಜಾಗವನ್ನೇ ಬೇರೆ ಉದ್ದೇಶಕ್ಕೆ ಕೊಡುವ ಪ್ರಸ್ತಾವ ಬಂದಾಗ ಬೆಂಗಳೂರಿನ ಒಂದು ಪ್ರಕರಣವನ್ನು ನೆನಪಿಡಿ. ಅಲ್ಲಿ ಉದ್ಯಾನಕ್ಕೆಂದು ಕಾದಿರಿಸಿದ್ದ ನಿವೇಶನವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಹಂಚಿದಾಗ ಬಡಾವಣೆಯ ನಿವಾಸಿಗಳು ಹೈಕೋರ್ಟಿಗೆ ಹೋಗಿ ಗೆದ್ದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ನಡುವಿನ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಆ ತೀರ್ಪನ್ನೇ ಎತ್ತಿಹಿಡಿಯಿತು. ಉದ್ಯಾನವನ್ನು ಹೀಗೆ ಪರಭಾರೆ ಮಾಡುವಂತಿಲ್ಲ, ಪ್ರಶ್ನಿಸುವ ಹಕ್ಕು ನಿವಾಸಿಗಳಿಗಿದೆ ಎಂದಿತು. ಸಭೆಯಲ್ಲಿ ಆಸ್ಪತ್ರೆ, ಸಮುದಾಯ ಭವನ ಎಂಬ ಒಳ್ಳೆಯ ಹೆಸರುಗಳು ಕೇಳಿಬಂದಾಗ ಈ ತೀರ್ಪನ್ನು ಹೆಸರಿಸಿ ಮಾತನಾಡಿ. ಉದ್ಯಾನ, ಆಟದ ಮೈದಾನಗಳ ರಕ್ಷಣೆಗೆಂದೇ ರಾಜ್ಯದಲ್ಲಿ 1985ರ ಅಧಿನಿಯಮವಿರುವುದನ್ನೂ ಸೇರಿಸಿ.

ಮಹಾಯೋಜನೆಯ ಕರಡು ಅಥವಾ ಭೂಬಳಕೆ ಬದಲಾವಣೆಯ ಪ್ರಕಟಣೆ ಹೊರಬಿದ್ದರೆ ಆಕ್ಷೇಪಣೆ ಸಲ್ಲಿಸುವ ಗಡುವಿನ ದಿನಾಂಕವನ್ನು ಮೊದಲು ನೋಡಿ. ಗಡುವು ಮುಗಿದ ಮೇಲೆ ನಡೆಸುವ ಪ್ರತಿಭಟನೆಗಿಂತ ಗಡುವಿನೊಳಗೆ ಸಲ್ಲಿಸಿದ ಒಂದು ಪುಟದ ಆಕ್ಷೇಪಣೆಗೆ ತೂಕ ಹೆಚ್ಚು. ಅದರಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಈಗಿನ ವಲಯ (ವಸತಿ, ವಾಣಿಜ್ಯ ಇತ್ಯಾದಿ), ಕೋರಿರುವ ವಲಯ ಇರಲಿ. ನೀರು, ಒಳಚರಂಡಿ, ರಸ್ತೆಯ ಅಗಲದ ಮೇಲೆ ಆಗುವ ಪರಿಣಾಮವನ್ನು ನಿರ್ದಿಷ್ಟವಾಗಿ ಬರೆಯಿರಿ. ನೆರೆಹೊರೆಯವರೂ ತಮ್ಮ ತಮ್ಮ ಮಾತುಗಳಲ್ಲಿ ಬರೆಯುವಂತೆ ಪ್ರೋತ್ಸಾಹಿಸಿ. ಸಲ್ಲಿಸಿದ ಪ್ರತಿಯೊಂದಕ್ಕೂ ಮೊಹರು, ದಿನಾಂಕವಿರುವ ಸ್ವೀಕೃತಿ ಪಡೆಯಿರಿ.

ಆ ಜಾಗದಲ್ಲಿ ನಿಮಗೋ ನಿಮ್ಮ ಬಂಧುಗಳಿಗೋ ಹಿತಾಸಕ್ತಿ ಇದ್ದರೆ ಅದನ್ನು ಮೊದಲೇ ತಿಳಿಸಿ ಚರ್ಚೆಯಿಂದ ಹೊರಗುಳಿಯಿರಿ. ಅಂಥ ಹಿತಾಸಕ್ತಿ ಇಲ್ಲದಿದ್ದರೆ ವಿಷಯವನ್ನು ಮುಂಚಿತವಾಗಿ ಲಿಖಿತವಾಗಿ ಕಾರ್ಯಸೂಚಿಗೆ ಸೇರಿಸಿ, ನಿಮ್ಮ ಆಕ್ಷೇಪ ನಡಾವಳಿಯಲ್ಲಿ ದಾಖಲಾಗಬೇಕೆಂದು ಸಭೆಯಲ್ಲೇ ಸ್ಪಷ್ಟವಾಗಿ ಕೇಳಿ, ಮುಂದಿನ ಸಭೆಯಲ್ಲಿ ಹಿಂದಿನ ನಡಾವಳಿಯನ್ನು ಸ್ಥಿರೀಕರಿಸುವ ಮೊದಲು ಆ ಸಾಲುಗಳನ್ನು ಓದಿ ನೋಡಿ.