ಕಾಲಿದ್ದರೆ ಹಂಪೆ: ನಸುಕಿಗೆ ಹೊರಟು ಒಂದೇ ದಿನದಲ್ಲಿ ನೋಡಿದ ಕ್ರಮ

'ಕಣ್ಣಿದ್ದರೆ ಕನಕಗಿರಿ ನೋಡು, ಕಾಲಿದ್ದರೆ ಹಂಪೆ ನೋಡು' ಎಂಬ ಗಾದೆಗೆ ನಾನು ಒಂದು ಮಾತು ಸೇರಿಸುತ್ತೇನೆ: ಆ ಕಾಲು ಹನ್ನೊಂದು ಗಂಟೆಯೊಳಗೆ ಕೆಲಸ ಮುಗಿಸಿರಬೇಕು. ಹಂಪಿಯ ಬಂಡೆ ಬೇಗ ಕಾಯುತ್ತದೆ, ಸಂಜೆವರೆಗೂ ಆರುವುದಿಲ್ಲ. ಅರಮನೆಗಳಿದ್ದ ರಾಜಾಂಗಣದ ಬಯಲಿನಲ್ಲಿ ನಿಲ್ಲಲು ಮರದ ನೆರಳೂ ಅಪರೂಪ. ಹೆಚ್ಚಿನವರು ಒಂಬತ್ತಕ್ಕೆ ತಿಂಡಿ ಮುಗಿಸಿ ವಿರೂಪಾಕ್ಷನಿಂದ ಶುರು ಮಾಡುತ್ತಾರೆ, ವಿಠಲ ದೇವಸ್ಥಾನ ತಲುಪುವಷ್ಟರಲ್ಲಿ ನಡು ಮಧ್ಯಾಹ್ನ. ಅಲ್ಲಿ ಗೈಡ್ ಏನು ಹೇಳಿದರೂ ಕಿವಿಗೆ ಇಳಿಯುವುದಿಲ್ಲ, ಎಲ್ಲರ ಕಣ್ಣು ಎಳನೀರಿನ ಗಾಡಿಯ ಮೇಲೆ. ಅದಕ್ಕೇ ನಾವು ಇಡೀ ದಿನವನ್ನು ಬಿಸಿಲು ನೋಡಿಕೊಂಡು ಜೋಡಿಸಿದೆವು: ನಡೆಯುವುದೆಲ್ಲ ಮೊದಲು, ಗಾಡಿಯಲ್ಲಿ ಸುತ್ತುವುದು ಆಮೇಲೆ, ಚಾವಣಿ ಇರುವ ಜಾಗ ಮಧ್ಯಾಹ್ನಕ್ಕೆ, ವಿರೂಪಾಕ್ಷ ಕೊನೆಗೆ.

ಹಿಂದಿನ ರಾತ್ರಿ ಹೊಸಪೇಟೆಯಲ್ಲೋ ಕಮಲಾಪುರದಲ್ಲೋ ಉಳಿದುಕೊಳ್ಳಲೇಬೇಕು. ಹೊಸಪೇಟೆಯಿಂದ ಹಂಪಿಗೆ 13 ಕಿಲೋಮೀಟರ್, ಕಮಲಾಪುರದಿಂದ ಸುಮಾರು 4. ರಾತ್ರಿ ಪ್ರಯಾಣ ಮಾಡಿ ಬೆಳಿಗ್ಗೆ ಇಳಿದು ಸೂರ್ಯೋದಯ ನೋಡಲು ನೇರ ಮಾತಂಗ ಬೆಟ್ಟ ಹತ್ತುವ ಲೆಕ್ಕ ಹಾಕಿದವರಿಗೆ ಸೂರ್ಯೋದಯ ದಾರಿಯಲ್ಲೇ ಆಗಿರುತ್ತದೆ.

ಸೂರ್ಯೋದಯದ ಹೊತ್ತಿನ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. ಡಿಸೆಂಬರ್ 21ರ ಸುಮಾರಿಗೆ ಹಗಲು ಅತಿ ಚಿಕ್ಕದು, ಆದ್ದರಿಂದ ಸೂರ್ಯ ಅತಿ ತಡವಾಗಿ ಹುಟ್ಟುವುದೂ ಆಗಲೇ ಎಂದುಕೊಳ್ಳುತ್ತೇವೆ. ಹಂಪಿಯಲ್ಲಿ ಅದು ಜನವರಿ ಕೊನೆಗೆ, ಆರೂ ಐವತ್ತು ದಾಟಿದ ಮೇಲೆ. ನವೆಂಬರ್ ಮೊದಲಲ್ಲಿ ಆರೂ ಇಪ್ಪತ್ತರ ಸುಮಾರು, ಮಾರ್ಚ್ ಮೂರನೇ ವಾರದಲ್ಲಿ ಆರೂವರೆಗೆ ಸ್ವಲ್ಪ ಮೊದಲು, ಮೇ ಕೊನೆಗೆ ಆರಕ್ಕೂ ಮುಂಚೆ. ಈ ಹೊತ್ತಿಗಿಂತ ಇಪ್ಪತ್ತು ನಿಮಿಷ ಮೊದಲೇ ಬೆಟ್ಟದ ಮೇಲಿರಬೇಕು, ಬಣ್ಣ ಇರುವುದು ಆಗಲೇ. ಹತ್ತಲು ನಲವತ್ತು ನಿಮಿಷ, ಪಾರ್ಕಿಂಗ್‌ನಿಂದ ಬೆಟ್ಟದ ಬುಡಕ್ಕೆ ಹದಿನೈದು, ಹೊಸಪೇಟೆಯಿಂದ ಬರಲು ಇಪ್ಪತ್ತೈದು. ಹೀಗೆ ಹಿಂದಕ್ಕೆ ಎಣಿಸಿದರೆ ಜನವರಿಯಲ್ಲಿ ಐದೂ ಕಾಲಿಗೆ ಮುಂಚೆ ಹೊರಟಿರಬೇಕು. ಯಾರಾದರೂ 'ಐದೂವರೆ ಸಾಕು' ಅಂದರೆ ಅವರ ಲೆಕ್ಕದಲ್ಲಿ ಪಾರ್ಕಿಂಗ್‌ನಿಂದ ಬುಡದವರೆಗಿನ ನಡಿಗೆ ಬಿಟ್ಟುಹೋಗಿದೆ.

ಗೈಡ್ ವಿಷಯ ಹಿಂದಿನ ದಿನವೇ ಮುಗಿಸಿಬಿಡಿ. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವವರನ್ನೇ ಗೊತ್ತುಮಾಡಿ, ಚೀಟಿ ನೋಡಿ. ದರ ಸಾಮಾನ್ಯವಾಗಿ ಅರ್ಧ ದಿನಕ್ಕೆ ಇಷ್ಟು, ಇಡೀ ದಿನಕ್ಕೆ ಇಷ್ಟು ಎಂದಿರುತ್ತದೆ. ನಸುಕಿನ ಬೆಟ್ಟ ಅದರೊಳಗೆ ಬರುತ್ತದೋ ಇಲ್ಲವೋ ಎಂಬಲ್ಲೇ ಆಮೇಲೆ ತಕರಾರು ಏಳುವುದು. ಎಷ್ಟು ಜನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಯಾವ ಭಾಷೆ, ಗಾಡಿಯಲ್ಲಿ ಅವರಿಗೆ ಸೀಟು ಇದೆಯೋ ಇಲ್ಲವೋ, ಇಷ್ಟನ್ನೂ ಬಾಯಿಬಿಟ್ಟು ಹೇಳಿಕೊಳ್ಳಬೇಕು. 'ಎಲ್ಲಾ ತೋರಿಸಿ ಸಾರ್' ಎಂದರೆ ಪ್ರತಿ ಕಂಬದ ಮುಂದೆಯೂ ಹತ್ತು ನಿಮಿಷ ಹೋಗುತ್ತದೆ. ನಾವು ಕೇಳಿದ್ದು ಹೀಗೆ: ವಿಠಲ, ಹಜಾರರಾಮನ ಗುಡಿ, ರಾಜಾಂಗಣದ ಪುಷ್ಕರಣಿ, ಈ ಮೂರು ಕಡೆ ಬಿಡಿಸಿ ಹೇಳಿ, ಉಳಿದ ಕಡೆ ಹೆಸರು, ಕಾಲ, ಯಾರು ಕಟ್ಟಿಸಿದ್ದು, ಅಷ್ಟು ಸಾಕು.

ಮಾತಂಗ ಬೆಟ್ಟಕ್ಕೆ ಗೈಡ್ ಬೇಕಾಗುವುದು ಕಥೆಗಲ್ಲ, ದಾರಿಗೆ. ವಿರೂಪಾಕ್ಷನ ಮುಂದಿನ ರಥಬೀದಿಯ ಪೂರ್ವದ ತುದಿಯಲ್ಲಿ ಎದುರು ಬಸವಣ್ಣ ಎಂಬ ದೊಡ್ಡ ಕಲ್ಲಿನ ನಂದಿ ಇದ್ದಾನೆ. ಅಲ್ಲಿಂದ ಮೇಲೆ ಹೋಗುವ ಮೆಟ್ಟಿಲಿನಿಂದ ಮಾತಂಗದ ದಾರಿ ಬಲಕ್ಕೆ ಕವಲೊಡೆಯುತ್ತದೆ. ಕತ್ತಲಲ್ಲಿ ಈ ಕವಲು ತಪ್ಪಿದರೆ ನೇರ ಅಚ್ಯುತರಾಯನ ಗುಡಿಯ ಕಡೆ ಇಳಿದುಬಿಡುತ್ತೀರಿ. ಮೆಟ್ಟಿಲುಗಳೂ ಮೇಲಿನವರೆಗೆ ಒಂದೇ ಸಮ ಇಲ್ಲ, ನಡುವೆ ಬರೀ ಬಂಡೆ, ತಿಕ್ಕಿ ನುಣುಪಾದದ್ದು. ಚಪ್ಪಲಿ ಬೇಡ, ಹಿಡಿತವಿರುವ ಶೂ ಬೇಕು. ಮೊಬೈಲ್ ಬೆಳಕಿಗಿಂತ ತಲೆಗೆ ಕಟ್ಟುವ ಟಾರ್ಚ್ ಒಳ್ಳೆಯದು, ಎರಡು ಕೈಯೂ ಬಂಡೆ ಹಿಡಿಯಲು ಬಿಡುವಾಗಿರುತ್ತವೆ. ಒಬ್ಬೊಬ್ಬರೇ ಹತ್ತಬಾರದು, ಈ ಭಾಗದಲ್ಲಿ ಚಿರತೆ, ಕರಡಿ ಇವೆ. ಮಳೆ ಬಿದ್ದ ಮಾರನೆಯ ದಿನ ಮಾತಂಗವನ್ನು ಬಿಟ್ಟೇಬಿಡಿ.

ಬೆಟ್ಟದ ತುದಿಯಲ್ಲಿ ವೀರಭದ್ರನ ಗುಡಿ. ಎಲ್ಲರೂ ಪೂರ್ವಕ್ಕೆ ಮುಖ ಮಾಡಿ ನಿಂತಿರುತ್ತಾರೆ. ಸೂರ್ಯ ಕಂಡ ಮೇಲೆ ತಿರುಗಿ ಪಶ್ಚಿಮಕ್ಕೆ ನೋಡಬೇಕು: ಮೊದಲ ಬೆಳಕು ವಿರೂಪಾಕ್ಷನ ದೊಡ್ಡ ಗೋಪುರಕ್ಕೆ ತಗಲುತ್ತದೆ, ಸುತ್ತ ಊರೆಲ್ಲ ಇನ್ನೂ ನೀಲಿ. ಕೆಳಗೆ ಕಾಣುವ ಅಚ್ಯುತರಾಯನ ಗುಡಿ ಮತ್ತು ಅದರ ಮುಂದಿನ ಹಳೆಯ ಪೇಟೆ ಸೂಳೆ ಬಜಾರಿನ ಉದ್ದ ಸಾಲು ತಗ್ಗಿನಲ್ಲಿರುವುದರಿಂದ ಅಲ್ಲಿಗೆ ಬಿಸಿಲು ಇಳಿಯಲು ಇನ್ನೂ ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ಫೋಟೋ ಬೇಕೆನ್ನುವವರು ಅಲ್ಲಿವರೆಗೆ ಕಾಯಿರಿ. ಮಂಗಗಳು ಕಾಯುವುದಿಲ್ಲ. ಪ್ಲಾಸ್ಟಿಕ್ ಚೀಲದ ಸದ್ದಾದರೆ ಸಾಕು, ಚೀಲ ಹೋದಂತೆಯೇ. ಬಾಳೆಹಣ್ಣು, ಶೇಂಗಾ ಏನಿದ್ದರೂ ಬೆನ್ನಿನ ಬ್ಯಾಗಿನ ಒಳಗಿರಲಿ.

ಮಂಡಿನೋವಿನವರು, ಚಿಕ್ಕ ಮಕ್ಕಳು ಇದ್ದರೆ ವಿರೂಪಾಕ್ಷನ ಪಕ್ಕದ ಹೇಮಕೂಟ ಗುಡ್ಡ ಸಾಕು. ಹತ್ತು ನಿಮಿಷದ ಇಳಿಜಾರು ಬಂಡೆ. ಇನ್ನೊಂದು ದಾರಿ ಮಾಲ್ಯವಂತ ಬೆಟ್ಟ, ಅಲ್ಲಿನ ರಘುನಾಥನ ಗುಡಿಯವರೆಗೂ ಗಾಡಿ ಹೋಗುತ್ತದೆ.

ಇನ್ನು ಈ ಕ್ರಮದ ಮುಖ್ಯ ಭಾಗ. ಬೆಟ್ಟ ಇಳಿದು ಮತ್ತೆ ರಥಬೀದಿಗೆ ಬರಬೇಡಿ. ಪೂರ್ವಕ್ಕೆ ಇಳಿದು ಅಚ್ಯುತರಾಯನ ಗುಡಿಗೆ ಹೋಗಿ. 1534ರ ಕಟ್ಟಡ, ಆ ಹೊತ್ತಿನಲ್ಲಿ ಹೆಚ್ಚು ಜನರಿರುವುದಿಲ್ಲ. ಅಲ್ಲಿಂದ ಸೂಳೆ ಬಜಾರಿನ ಉದ್ದಕ್ಕೂ ಹೊಳೆಯ ಕಡೆ ನಡೆದು, ಬಲಕ್ಕೆ ತಿರುಗಿ ತುಂಗಭದ್ರೆಯ ದಂಡೆ ಹಿಡಿದರೆ ಸುಗ್ರೀವನ ಗುಹೆ, ಎರಡು ಕಲ್ಲುಕಂಬಗಳ ಮೇಲೆ ತೊಲೆಯಿಟ್ಟ ತುಲಾಭಾರ, ಹೊಳೆಯಂಚಿನಲ್ಲಿ ಪುರಂದರ ಮಂಟಪ, ಆಮೇಲೆ ವಿಠಲ ದೇವಸ್ಥಾನ. ಒಟ್ಟು ಸುಮಾರು ಎರಡು ಕಿಲೋಮೀಟರ್. ಚಾಲಕನಿಗೆ ಮೊದಲೇ ಹೇಳಿ ಗಾಡಿಯನ್ನು ಕಮಲಾಪುರದ ಮೇಲೆ ಸುತ್ತಿಸಿ ತಳವಾರಘಟ್ಟದ ಕಡೆಯ ವಿಠಲನ ಪಾರ್ಕಿಂಗ್‌ಗೆ ಕಳಿಸಿ. ಆ ಪಾರ್ಕಿಂಗ್‌ನಿಂದ ಗುಡಿಗೆ ಬ್ಯಾಟರಿ ಗಾಡಿಯಲ್ಲೇ ಬರಬೇಕು ಅಥವಾ ಒಂದು ಕಿಲೋಮೀಟರ್ ನಡೆಯಬೇಕು. ರಜಾದಿನಗಳಲ್ಲಿ ಬ್ಯಾಟರಿ ಗಾಡಿಯ ಸಾಲಿನಲ್ಲೇ ಮುಕ್ಕಾಲು ಗಂಟೆ ಕಳೆದುಹೋಗುತ್ತದೆ. ಹೊಳೆದಂಡೆಯಿಂದ ನಡೆದುಬಂದವರಿಗೆ ಆ ಸಾಲೇ ಇಲ್ಲ, ಹಿಂದಿರುಗುವಾಗ ಆರಾಮವಾಗಿ ಹತ್ತಿಕೊಳ್ಳಬಹುದು. ಒಂದೇ ಎಚ್ಚರಿಕೆ: ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಪುರಂದರ ಮಂಟಪವೇ ಮುಳುಗುತ್ತದೆ, ದಂಡೆಯ ದಾರಿಯೂ ಹೋಗುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ಮುನ್ನ ಗೈಡನ್ನು ಕೇಳಿಯೇ ಈ ದಾರಿ ಹಿಡಿಯಿರಿ.

ವಿಠಲನ ಬಾಗಿಲು ತೆಗೆಯುವುದು ಎಂಟೂವರೆಗೆ. ಟಿಕೆಟ್ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600, ಹದಿನೈದು ವರ್ಷದೊಳಗಿನವರಿಗೆ ಇಲ್ಲ. ಇದೇ ಟಿಕೆಟ್ ಅದೇ ದಿನ ಕಮಲ ಮಹಲಿರುವ ಜನಾನಾ (ರಾಣಿವಾಸ) ಆವರಣಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ನಡೆಯುತ್ತದೆ, ಎಸೆಯಬೇಡಿ. ಆನ್‌ಲೈನ್‌ನಲ್ಲಿ ತೆಗೆಯುವುದಾದರೆ ಹಿಂದಿನ ರಾತ್ರಿ ರೂಮಿನಲ್ಲೇ ತೆಗೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ; ಬಂಡೆಗಳ ನಡುವೆ ಸಿಗ್ನಲ್ ನಂಬುವಂತಿಲ್ಲ.

ವಿಠಲನ ಅಂಗಳದ ಕಲ್ಲಿನ ರಥ ಏಕಶಿಲೆಯದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಹಲವು ಕಲ್ಲುಗಳನ್ನು ಜೋಡಿಸಿ ಕಟ್ಟಿದ ಗರುಡನ ಗುಡಿ. ಸಂದುಗಳು ಕೆತ್ತನೆಯ ಗೆರೆಗಳಲ್ಲಿ ಮುಚ್ಚಿಹೋಗುವಂತೆ ಮಾಡಿದ್ದಾರೆ, ಹತ್ತಿರ ನಿಂತು ಹುಡುಕಿದರೆ ಸಿಗುತ್ತವೆ. ನನ್ನ ಮಟ್ಟಿಗೆ ಏಕಶಿಲೆಗಿಂತ ಅದೇ ದೊಡ್ಡ ಕೈಚಳಕ. ಮುಂದಿರುವ ಆನೆಗಳು ಆಮೇಲೆ ತಂದಿಟ್ಟವು, ಅವುಗಳ ಹಿಂದೆ ಮೊದಲಿದ್ದ ಕುದುರೆಗಳ ಕಾಲು ಬಾಲ ಇನ್ನೂ ಉಳಿದಿವೆ. ಮೇಲಿದ್ದ ಇಟ್ಟಿಗೆಯ ಶಿಖರ ಈಗಿಲ್ಲ. ಗರುಡ ವಿಠಲನ ಕಡೆ, ಅಂದರೆ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಬೆಳಿಗ್ಗೆ ರಥದ ಮುಂಭಾಗ ನೆರಳಿನಲ್ಲಿರುತ್ತದೆ. ಬೆಳಗಿನ ಹೊತ್ತು ಪಕ್ಕದಿಂದ, ಚಕ್ರದ ಕಡೆಯಿಂದ ನಿಂತು ತೆಗೆದರೆ ಕೆತ್ತನೆ ಎದ್ದು ಕಾಣುತ್ತದೆ.

ಸಂಗೀತ ಕಂಬಗಳನ್ನು ತಟ್ಟಿ ತೋರಿಸುತ್ತೇನೆ ಎನ್ನುವ ಗೈಡನ್ನು ಅಲ್ಲಿಗೇ ನಿಲ್ಲಿಸಿ. ತಟ್ಟುವುದು ನಿಷಿದ್ಧ, ಆ ಮಂಟಪಕ್ಕೆ ಜನರನ್ನು ಬಿಡುವುದೂ ಇಲ್ಲ. ವರ್ಷಗಟ್ಟಲೆ ತಟ್ಟಿಸಿಕೊಂಡು ಕಂಬಗಳು ಸವೆದದ್ದೇ ಇದಕ್ಕೆ ಕಾರಣ. ಕಂಬ ಟೊಳ್ಳು ಎಂಬ ಕಥೆಯೂ ಸುಳ್ಳು, ಗಟ್ಟಿ ಕಲ್ಲೇ.

ವಿಠಲನಿಗೆ ಒಂದೂಕಾಲು ಗಂಟೆ. ಹತ್ತರ ಹೊತ್ತಿಗೆ ಪಾರ್ಕಿಂಗ್‌ನಲ್ಲಿ ಗಾಡಿ ಹತ್ತಿ ಕಮಲಾಪುರದಲ್ಲಿ ತಿಂಡಿ. ಒಗ್ಗರಣೆ ಮಂಡಕ್ಕಿ, ಮಿರ್ಚಿ ನಾಲಿಗೆಗೆ ರುಚಿ, ಆದರೆ ಮುಂದಿನ ಎರಡು ಗಂಟೆಯ ಬಿಸಿಲಿಗೆ ಇಡ್ಲಿಯೇ ವಾಸಿ. ತಲೆಗೆ ಎರಡು ಲೀಟರ್ ನೀರು ಇಲ್ಲಿ ತುಂಬಿಸಿಕೊಳ್ಳಿ.

ರಾಜಾಂಗಣದಲ್ಲಿ ಸಮಯ ಸಮನಾಗಿ ಹಂಚಬೇಡಿ. ಕಮಲ ಮಹಲು, ಹನ್ನೊಂದು ಅಂಕಣಗಳ ಆನೆಲಾಯ, ಎರಡೂ ಸೇರಿ ಅರ್ಧ ಗಂಟೆ ಸಾಕು. ಹಜಾರರಾಮನಿಗೆ ಅಷ್ಟೇ ಹೊತ್ತು ಪ್ರತ್ಯೇಕವಾಗಿ ಇಡಿ. ಗೋಡೆಯ ಹೊರಮೈಯಲ್ಲಿ ರಾಮಾಯಣ ಮೂರು ಸಾಲಿನಲ್ಲಿ ಸುತ್ತುತ್ತದೆ, ಎಲ್ಲಿಂದ ಶುರುವಾಗಿ ಎತ್ತ ತಿರುಗುತ್ತದೆ ಎಂದು ಗೈಡ್ ತೋರಿಸಿದರೆ ಮಾತ್ರ ಓದಲು ಬರುತ್ತದೆ. ಇಲ್ಲದಿದ್ದರೆ ಬರೀ ಗೊಂಬೆಗಳು. ಪುಷ್ಕರಣಿ 1980ರ ದಶಕದ ಉತ್ಖನನದಲ್ಲಿ ಹೊರಬಂದದ್ದು. ಸುತ್ತ ಹೆಚ್ಚಾಗಿ ಗ್ರಾನೈಟ್ ಇರುವಾಗ ಇದು ಕಪ್ಪು ಶಿಸ್ಟ್ ಕಲ್ಲಿನದು. ಮೆಟ್ಟಿಲ ಕಲ್ಲುಗಳ ಮೇಲೆ ದಿಕ್ಕು, ಸಾಲು ಸೂಚಿಸುವ ಗುರುತುಗಳಿವೆ: ಎಲ್ಲೋ ಕೆತ್ತಿ, ಗುರುತು ಹಾಕಿ, ಇಲ್ಲಿಗೆ ತಂದು ಜೋಡಿಸಿದ್ದು. ಮಹಾನವಮಿ ದಿಬ್ಬದ ಮೇಲೆ ಹತ್ತಿದರೆ ಸುತ್ತಲಿನ ಅಡಿಪಾಯಗಳ ನಕ್ಷೆ ಒಂದೇ ನೋಟಕ್ಕೆ ಸಿಗುತ್ತದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿನ ನವರಾತ್ರಿಯ ವೈಭವವನ್ನು ಬರೆದಿಟ್ಟಿದ್ದಾನೆ. ದಿಬ್ಬದ ಮೇಲೆ ನೆರಳು ಎಂಬುದೇ ಇಲ್ಲ, ಹನ್ನೊಂದೂವರೆ ದಾಟಿದರೆ ಕೆಳಗಿನಿಂದಲೇ ನೋಡಿ ಹೊರಡಿ.

ನೆಲಮಾಳಿಗೆಯ ಶಿವಾಲಯಕ್ಕೆ ಇಳಿಯುವವರು ಪ್ಯಾಂಟ್ ಮಡಚಿಕೊಳ್ಳಿ. ಒಳಗೆ ನೀರು ನಿಂತಿರುತ್ತದೆ, ಪಾಚಿ ಜಾರುತ್ತದೆ, ಬಾವಲಿ ವಾಸನೆ ಬೇರೆ.

ಊಟದ ನಂತರ ಕಮಲಾಪುರದ ವಸ್ತುಸಂಗ್ರಹಾಲಯ. ಅಲ್ಲಿ ಹಂಪಿಯ ಬೆಟ್ಟ, ಹೊಳೆ, ಗುಡಿಗಳನ್ನೆಲ್ಲ ತೋರಿಸುವ ದೊಡ್ಡ ಮಾದರಿ ಇದೆ. ಬೆಳಿಗ್ಗೆ ನಡೆದ ದಾರಿಯನ್ನು ಅದರ ಮೇಲೆ ಬೆರಳಿಟ್ಟು ಹಿಡಿದಾಗಲೇ ಊರಿನ ಅಳತೆ ತಲೆಗೆ ಹೋಗುವುದು. ಶುಕ್ರವಾರ ರಜೆ. ಆ ದಿನ ಬಂದವರು ಮಧ್ಯಾಹ್ನವನ್ನು ರಾಣಿಯರ ಸ್ನಾನಗೃಹದ ಚಾವಣಿಯಡಿ ಕಳೆಯಬಹುದು.

ಮೂರೂವರೆಯ ನಂತರ ಹಂಪಿ ಊರಿನ ಕಡೆ. ದಾರಿಯಲ್ಲಿ ಮೊದಲು ಉಗ್ರನರಸಿಂಹ: 1528ರ ಏಕಶಿಲೆ (ಇದು ನಿಜವಾಗಿಯೂ ಏಕಶಿಲೆ), ಎತ್ತರ 6.7 ಮೀಟರ್. ಹೆಸರು ಉಗ್ರವಾದರೂ ಮೂಲದಲ್ಲಿ ಇದು ಲಕ್ಷ್ಮೀನರಸಿಂಹ. ತೊಡೆಯ ಮೇಲಿದ್ದ ಲಕ್ಷ್ಮಿ ಒಡೆದುಹೋಗಿದ್ದಾಳೆ. ಹಿಂಬದಿಗೆ ಹೋಗಿ ನೋಡಿದರೆ ದೇವರ ಬೆನ್ನಿನ ಮೇಲೆ ಅವಳ ಕೈ ಮಾತ್ರ ಉಳಿದಿದೆ. ಮಂಡಿಗೆ ಕಟ್ಟಿದ ಕಲ್ಲಿನ ಪಟ್ಟಿ ಪುರಾತತ್ವ ಇಲಾಖೆ ಮತ್ತೆ ಕೂಡಿಸಿದ್ದು. ಪಕ್ಕದಲ್ಲೇ ನೀರಿನಲ್ಲಿ ನಿಂತ ಬಡವಿಲಿಂಗ. ಮುಂದೆ ಕೃಷ್ಣನ ಗುಡಿ, ಉದಯಗಿರಿಯ ಗೆಲುವಿನ ನೆನಪಿಗೆ ಕೃಷ್ಣದೇವರಾಯ ಕಟ್ಟಿಸಿದ್ದು. ಉದಯಗಿರಿಯಿಂದ ತಂದ ಬಾಲಕೃಷ್ಣ ಈಗ ಚೆನ್ನೈನ ವಸ್ತುಸಂಗ್ರಹಾಲಯದಲ್ಲಿದ್ದಾನೆ, ಗರ್ಭಗುಡಿ ಖಾಲಿ.

ವಿರೂಪಾಕ್ಷನಲ್ಲಿ ಪೂಜೆ ನಡೆಯುವುದರಿಂದ ಚಪ್ಪಲಿ ಹೊರಗೆ ಬಿಡಬೇಕು. ಅಂಗಳದ ಕಲ್ಲು ಸಂಜೆಯಲ್ಲೂ ಸುಡುತ್ತದೆ, ಬ್ಯಾಗಿನಲ್ಲಿ ಒಂದು ಜೊತೆ ಹಳೆಯ ಸಾಕ್ಸ್ ಇರಲಿ. ಗೋಪುರದ ತಲೆಕೆಳಗಾದ ನೆರಳನ್ನು ಬೆಳಕಿರುವಾಗಲೇ ನೋಡಿಬಿಡಿ: ಕತ್ತಲ ಕೋಣೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು ಎದುರಿನ ಗೋಡೆಯ ಮೇಲೆ ಚಿತ್ರ ತಲೆಕೆಳಗಾಗಿ ಬೀಳುವುದು, ಪಿನ್‌ಹೋಲ್ ಕ್ಯಾಮೆರಾದ ತತ್ವವೇ. ಮೋಡವಿದ್ದರೆ ಚಿತ್ರ ಮಸುಕು, ಹೊತ್ತು ಮುಳುಗಿದರೆ ಇಲ್ಲವೇ ಇಲ್ಲ. ಆಮೇಲೆ ಹೇಮಕೂಟದ ಮೇಲೆ ಸೂರ್ಯಾಸ್ತ. ಗೈಡ್‌ನ ಕೆಲಸ ಇಷ್ಟರಲ್ಲಿ ಮುಗಿದಿರುತ್ತದೆ, ಹಣ ಕೊಟ್ಟು ಕಳಿಸಬಹುದು.

ಇದೇ ದಿನದೊಳಗೆ ಹೊಳೆಯಾಚೆಯ ಆನೆಗೊಂದಿ, ಅಂಜನಾದ್ರಿ ಬೆಟ್ಟವನ್ನೂ ತುರುಕುವ ಆಸೆ ಬೇಡ. ಅಂಜನಾದ್ರಿಗೆ 575 ಮೆಟ್ಟಿಲು. ನಸುಕಿನಲ್ಲಿ ಮಾತಂಗ ಹತ್ತಿದ ಕಾಲು ಸಂಜೆ ಅದನ್ನು ಒಪ್ಪುವುದಿಲ್ಲ. ಉಳಿಯಲು ಇನ್ನೊಂದು ದಿನ ಇದ್ದರೆ ರೂಮನ್ನೇ ಹೊಳೆಯಾಚೆ ಮಾಡಿಕೊಂಡು, ಸಂಜೆಯೇ ಕಡೆಬಾಗಿಲು ಸೇತುವೆಯ ಮೇಲೆ ದಾಟಿಬಿಡಿ.