ಟಿವಿಯ ಬೆನ್ನಿಗೊಂದು ದೀಪ

ರಾತ್ರಿ ನಮ್ಮ ಹಾಲಿನಲ್ಲಿ ಟ್ಯೂಬ್‌ಲೈಟ್ ಹಾಕಿದರೆ ಅದು ಸೋಫಾದ ಹಿಂದಿನ ಗೋಡೆಯಿಂದ ನೇರವಾಗಿ ಟಿವಿ ಪರದೆಯಲ್ಲಿ ಮೂಡುತ್ತಿತ್ತು. ಕತ್ತಲ ದೃಶ್ಯ ಬಂದಾಗಲೆಲ್ಲ ಒಂದು ಬಿಳಿ ಕೋಲು ಅಡ್ಡ ಮಲಗಿರುತ್ತಿತ್ತು. ಆರಿಸಿ ಕುಳಿತರೆ ಅರ್ಧ ಗಂಟೆಯಲ್ಲಿ ಕಣ್ಣುರಿ. “ಕತ್ತಲಲ್ಲಿ ಟಿವಿ ನೋಡಿದರೆ ಕಣ್ಣು ಹಾಳಾಗುತ್ತದೆ, ದೀಪ ಹಾಕಿಕೋ” ಎಂದು ಅಮ್ಮ ಅಡುಗೆಮನೆಯಿಂದಲೇ ಕೂಗುತ್ತಿದ್ದರು. ಹಾಳಾಗುವುದೇನೋ ಇಲ್ಲ, ದಣಿಯುವುದಂತೂ ನಿಜ. ಕತ್ತಲಿಗೆ ಒಗ್ಗಿ ಅಗಲವಾದ ಪಾಪೆಯ ಮೇಲೆ ಧಗ್ಗನೆ ಬಿಳಿ ಬೆಳಕು ಬೀಳುತ್ತದೆ, ಮರುಕ್ಷಣ ಮತ್ತೆ ಕಪ್ಪು. ಮೂರು ಗಂಟೆ ಹೀಗೆ ಹಿಗ್ಗಿ ಕುಗ್ಗಿದರೆ ಯಾವ ಕಣ್ಣು ತಾನೇ ತಡೆದೀತು?

ಟಿವಿಯ ಹಿಂದಿನ ಗೋಡೆಯನ್ನು ಮೆಲ್ಲಗೆ ಬೆಳಗಿಸಿದರೆ ಈ ಏರಿಳಿತ ತಗ್ಗುತ್ತದೆ ಎಂದು ಓದಿದ್ದೆ. ಅಷ್ಟಕ್ಕೇ ಹುಮ್ಮಸ್ಸು ಬಂದು, ಹದಿನಾರು ಬಣ್ಣ ಬದಲಿಸುವ ರಿಮೋಟ್ ಇರುವ ಅಗ್ಗದ ಎಲ್‌ಇಡಿ ಪಟ್ಟಿಯೊಂದನ್ನು ತಂದು ಅಂಟಿಸಿದೆ. ಮಗಳು ನೋಡಿ, “ಅಪ್ಪಾ, ಗಣಪತಿ ಕೂರಿಸುವುದು ಯಾವಾಗ?” ಎಂದಳು. ಬಿಳಿಗೆ ಇಟ್ಟರೂ ಅದು ಬಿಳಿಯಲ್ಲ. ಕೆಂಪು, ಹಸಿರು, ನೀಲಿಗಳನ್ನು ಕಲಸಿ ಮಾಡಿದ, ನೀಲಿಗೆ ತಿರುಗಿದ ಬೆಳಕು. ಆ ಪಟ್ಟಿ ಈಗ ನಿಜಕ್ಕೂ ಗಣಪತಿ ಹಬ್ಬಕ್ಕೆ ಮಾತ್ರ ಹೊರಬರುತ್ತದೆ.

ಎರಡನೆಯ ಸಲ ಪೊಟ್ಟಣ ಓದಿ ಕೊಂಡೆ. ಬೇಕಾದದ್ದು 6500 ಕೆಲ್ವಿನ್‌ನ (ಬಿಳಿ ಎಷ್ಟು ಹಳದಿ, ಎಷ್ಟು ನೀಲಿ ಎಂದು ಹೇಳುವ ಅಳತೆ) ಬಿಳಿ. ಸಿನಿಮಾ, ಟಿವಿ ಕಾರ್ಯಕ್ರಮಗಳ ಬಣ್ಣ ಹೊಂದಿಸುವವರು ಬಿಳಿಯೆಂದು ಹಿಡಿಯುವುದು ಅದನ್ನೇ. ಜೊತೆಗೆ ಸಿಆರ್‌ಐ, ಅಂದರೆ ದೀಪ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ನೂರರ ಲೆಕ್ಕದ ಅಂಕ, 90ಕ್ಕಿಂತ ಹೆಚ್ಚಿರಬೇಕು. ಹಾಕಿ ನೋಡಿದರೆ ದೀಪ ಹಳದಿಯಾಗಿ ಕಂಡಿತು! ಅಂಗಡಿಯವನನ್ನು ಮನಸ್ಸಿನಲ್ಲೇ ಬೈದುಕೊಂಡೆ. ತಪ್ಪು ಟಿವಿಯದಾಗಿತ್ತು. ತಂದ ದಿನದಿಂದ ಅದು ಕಣ್ಣು ಕುಕ್ಕುವ ನೀಲಿ ಛಾಯೆಯ ಚಿತ್ರವನ್ನೇ ತೋರಿಸುತ್ತಿತ್ತು. ಸೆಟ್ಟಿಂಗ್‌ನಲ್ಲಿ ‘ಸಿನಿಮಾ’ ಆರಿಸಿ, ಬಣ್ಣದ ತಾಪವನ್ನು ‘ವಾರ್ಮ್’ ಮಾಡಿದ ಮೇಲೆ ಎರಡೂ ಬಿಳಿಗಳು ಹೊಂದಿಕೊಂಡವು. ಮನೆಯವರು ಎರಡು ದಿನ “ಚಿತ್ರ ಮಂಕಾಯಿತು” ಎಂದು ಗೊಣಗಿದರು, ಮೂರನೆಯ ದಿನ ಮರೆತರು.

ಪಟ್ಟಿಗೆ 5 ವೋಲ್ಟ್, 1.5 ಆಂಪಿಯರ್ ಬೇಕಿತ್ತು. ಟಿವಿಯ ಸಾಮಾನ್ಯ ಯುಎಸ್‌ಬಿ ಕಿಂಡಿ ಕೊಡುವುದು ಅರ್ಧ ಆಂಪಿಯರ್. ಹಳೆಯ 2 ಆಂಪಿಯರ್ ಮೊಬೈಲ್ ಚಾರ್ಜರ್ ಹುಡುಕಿ, ಟಿವಿಯ ಎಕ್ಸ್‌ಟೆನ್ಶನ್ ಬೋರ್ಡಿಗೇ ಸಿಕ್ಕಿಸಿದೆ. ಒಂದೇ ಸ್ವಿಚ್ಚಿಗೆ ಎರಡೂ ಹತ್ತುತ್ತವೆ. ನಮ್ಮದು 43 ಇಂಚಿನ ಟಿವಿ. ಅಂಚಿನಿಂದ ಐದು ಸೆಂಟಿಮೀಟರ್ ಒಳಗೆ, ಮೇಲೆ ಮತ್ತು ಎರಡು ಪಕ್ಕಗಳಲ್ಲಿ ಮಾತ್ರ ಅಂಟಿಸಿದ್ದೇನೆ. ಕೆಳಗೂ ಹಾಕಿದ್ದೆ, ಸ್ಟ್ಯಾಂಡಿನ ನುಣುಪು ಹಲಗೆಯಲ್ಲಿ ಒಂದೊಂದು ಬಲ್ಬೂ ಚುಕ್ಕಿಯಾಗಿ ಮಿನುಗತೊಡಗಿದ್ದರಿಂದ ಪಟ್ಟಿಯಲ್ಲಿ ಕತ್ತರಿಸಲೆಂದೇ ಗುರುತು ಇದ್ದಲ್ಲಿ ಕತ್ತರಿಸಿ ತೆಗೆದೆ.

ಎಷ್ಟು ಬೆಳಕು? ಪರದೆಯ ಬಿಳಿಯ ಹತ್ತರಲ್ಲೊಂದು ಪಾಲು ಎಂಬುದು ಹಳೆಯ ಲೆಕ್ಕ. ಮೀಟರ್ ಇಲ್ಲದ ನಾನು ಹೂಡಿದ ಉಪಾಯ ಇಷ್ಟು: ಪರದೆಯ ತುಂಬ ಬಿಳಿ ಚಿತ್ರ ಹಾಕಿ, ಫೋನ್ ಕ್ಯಾಮೆರಾವನ್ನು ಮ್ಯಾನ್ಯುಯಲ್‌ಗೆ ತಂದು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಬದಲಿಸದೆ ಪರದೆಯನ್ನು ಸೆಕೆಂಡಿನ 1/1000 ಶಟರ್‌ನಲ್ಲಿ, ಗೋಡೆಯನ್ನು 1/100ರಲ್ಲಿ ತೆಗೆದೆ. ಗೋಡೆಗೆ ಹತ್ತು ಪಟ್ಟು ಹೊತ್ತು ಕೊಟ್ಟಂತಾಯಿತು, ಹಾಗಾಗಿ ಎರಡು ಚಿತ್ರಗಳೂ ಸುಮಾರು ಒಂದೇ ಹೊಳಪಿಗೆ ಬರುವವರೆಗೆ ಪಟ್ಟಿಯ ಬೆಳಕು ತಗ್ಗಿಸುವ ಡಿಮ್ಮರ್ ಇಳಿಸಿದೆ. ಇಳಿಸುತ್ತ ಹೋದಂತೆ ಫೋನಿನಲ್ಲಿ ಕಪ್ಪು ಪಟ್ಟೆಗಳು ಹರಿದಾಡಿದರೆ ಆ ಡಿಮ್ಮರ್ ಬೆಳಕನ್ನು ಮಿಟುಕಿಸುತ್ತಿದೆ ಎಂದರ್ಥ. ನನ್ನ ಮೊದಲ ಡಿಮ್ಮರ್ ಹಾಗಿತ್ತು, ಬದಲಿಸಿದೆ.

ನಾನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹೋದದ್ದು ಗೋಡೆಯನ್ನು. ಇಂಗ್ಲೆಂಡಿನ ಟೆಸ್ಟ್ ಪಂದ್ಯ ನಮ್ಮಲ್ಲಿ ರಾತ್ರಿ ಹತ್ತೂವರೆವರೆಗೂ ನಡೆಯುತ್ತದಲ್ಲ, ಅದನ್ನು ನೋಡುವಾಗ ಬೌಲರನ ಬಿಳಿ ಅಂಗಿ ತುಸು ಗುಲಾಬಿಯಾಗಿ ಕಂಡಿತು. ದೀಪ ಆರಿಸಿದೆ, ಸ್ವಲ್ಪ ಹೊತ್ತಿಗೆ ಬಿಳಿ. ಹಾಕಿದೆ, ಮತ್ತೆ ಗುಲಾಬಿ. ನಮ್ಮ ಗೋಡೆ ಎಳೆ ಹಸಿರು. ಎಂಥ ಶುದ್ಧ ಬಿಳಿ ದೀಪವಾದರೂ ಅಲ್ಲಿಗೆ ಬಡಿದು ಬರುವುದು ಹಸಿರು ಬೆಳಕೇ. ಅದಕ್ಕೆ ಒಗ್ಗಿದ ಕಣ್ಣು ನಡುವಿನ ಬಿಳಿಯನ್ನು ಕೆಂಪಿಗೆ ಎಳೆಯುತ್ತದೆ. ಪಟ್ಟಿಗೆ ಕೊಟ್ಟ ದುಡ್ಡೆಲ್ಲ ಹೊಳೆಗೆ ಹಾಕಿದಂತಾಗಿತ್ತು. ಭಾನುವಾರ ಟಿವಿ ಇಳಿಸಿ, ಅದರ ಸುತ್ತ ಒಂದು ಮೊಳ ಅಗಲಕ್ಕೆ ಹೊಳಪಿಲ್ಲದ ಬೂದುಬಿಳಿ ಬಣ್ಣ ಎರಡು ಕೈ ಬಳಿದೆ. ಹೊಳಪಿನ ಬಣ್ಣ ಬೇಡ, ಚುಕ್ಕಿ ಕಾಣುತ್ತದೆ. ಹಗಲಲ್ಲಿ ಗೋಡೆಗೆ ತೇಪೆ ಹಾಕಿದಂತಿದೆ ಎಂದು ಅಮ್ಮನಿಗೆ ಬೇಸರ, ಅದನ್ನು ಅಲ್ಲಗಳೆಯಲಾರೆ. ರಾತ್ರಿ ಮಾತ್ರ ಅಂಗಿ ಬಿಳಿ, ಹುಲ್ಲು ಹಸಿರು. ಬೂದಿಯಂತೆ ಕಾಣುತ್ತಿದ್ದ ನಮ್ಮ ಟಿವಿಯ ಕಪ್ಪು ಸಹ ಈಗ ಕಪ್ಪೇ ಅನಿಸುತ್ತದೆ, ಸುತ್ತ ಬೆಳಕಿರುವುದರಿಂದ.

ಮಳೆಗಾಲದಲ್ಲಿ ಮೇಲಿನ ಬಲಮೂಲೆಯ ಅಂಟು ಬಿಟ್ಟು ಪಟ್ಟಿ ಜೋತುಬಿತ್ತು. ಮೊದಲೇ ಸ್ಪಿರಿಟ್‌ನಿಂದ ಒರೆಸಿ ಅಂಟಿಸಬೇಕಿತ್ತು, ಒರೆಸಿರಲಿಲ್ಲ. ಒರೆಸಿ ಅಂಟಿಸಿ, ಮೂಲೆಗಳಿಗೆ ಅಂಟಿಸುವ ವೈರ್ ಕ್ಲಿಪ್ಪುಗಳನ್ನೂ ಹಾಕಿದ ಮೇಲೆ ಇಲ್ಲಿಯವರೆಗೆ ಕದಲಿಲ್ಲ.